ಒಂದಕ್ಷರದಲ್ಲಿ ಅಡಗಿದ ಊರು

ಕಳೆದ ಕಾರ್ತಿಕಮಾಸದ ಒಂದು ಸಾಯಂಕಾಲ, ಶಿಡ್ಲಘಟ್ಟದಲ್ಲಿರುವ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಹಳೆಯ ಪಂಚಾಂಗವೊಂದನ್ನು ತಿರುವಿಹಾಕುತ್ತಿದ್ದಾಗ, ಸುಮಾರು ನಲವತ್ತೈದು ವರ್ಷ ವಯಸ್ಸಿನ ಗೃಹಸ್ಥರೊಬ್ಬರು ಬಂದು ನಮಸ್ಕರಿಸಿ ನಿಂತರು. ಮುಖ ಪರಿಚಿತವಾದುದಲ್ಲ. "ನಮ್ಮ ತಂದೆಯವರು ತಾವು ಪಾಠ ಹೇಳಿದ ಶಾಲೆಯಲ್ಲಿಯೇ ಓದಿದವರು, ತಾವು ಅಲ್ಲಿಗೆ ಬರುವುದಕ್ಕೆ ಬಹಳ ಮುಂಚೆ" ಎಂದು ಹೇಳಿ, ಜೇಬಿನಿಂದ ಒಂದು ಕಾಗದವನ್ನು ತೆಗೆದು ನನ್ನ ಕೈಗಿತ್ತರು. ಅದು ಶಾಲೆಯ ದಾಖಲಾತಿ ಪುಸ್ತಕದ ಒಂದು ಪುಟದ ನಕಲು. ಅದರಲ್ಲಿ ಅವರ ತಂದೆಯವರ ಹೆಸರಿತ್ತು, ಹೆಸರಿನ ಕೊನೆಗೆ ರಾವ್ ಎಂಬ ಶಬ್ದ, ಹೆಸರಿನ ಮೊದಲಿಗೆ "ಚಿ." ಎಂಬ ಒಂದೇ ಒಂದು ಅಕ್ಷರ.

"ಈ ಚಿ ಎಂದರೆ ಏನು, ಮೇಷ್ಟ್ರೇ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆಗೆ ಕಾರಣವಿಷ್ಟೆ. ಅವರ ಮಗಳು ಉನ್ನತ ವ್ಯಾಸಂಗಕ್ಕಾಗಿ ಪರದೇಶಕ್ಕೆ ಹೋಗತಕ್ಕವಳು. ಪಾಸುಪೋರ್ಟಿನ ಅರ್ಜಿಯಲ್ಲಿ ಹೆಸರಿನ ಮೊದಲಕ್ಷರಗಳನ್ನು ಹಾಗೆಯೇ ಬಿಡಕೂಡದು, ಪೂರ್ತಿಯಾಗಿ ಬಿಡಿಸಿ ಬರೆಯತಕ್ಕದ್ದೆಂದು ನಿಯಮ. ಮಗಳ ಹೆಸರಿನ ಮೊದಲಿಗೂ ಅದೇ ಅಕ್ಷರ. ತಂದೆಯ ಹೆಸರಿಗೂ ಅದೇ. ತಾತನ ಹೆಸರಿಗೂ ಅದೇ. ಮೂರು ತಲೆಮಾರಿನವರು ಆ ಅಕ್ಷರವನ್ನು ಹೊತ್ತು ನಡೆದಿದ್ದಾರೆ. ಅದರೊಳಗೆ ಇರುವುದೇನೆಂದು ಉಳಿದಿರುವವರಲ್ಲಿ ಒಬ್ಬರೂ ಅರಿಯರು. ಬಲ್ಲವರಾಗಿದ್ದ ತಾತನವರು ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ. ಅವರು ಬದುಕಿದ್ದಾಗ ಯಾರೂ ಕೇಳಿರಲಿಲ್ಲ.

ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆನು. ಆ ದುಂಡನೆಯ ಅಕ್ಷರಗಳನ್ನು ಕಂಡೊಡನೆ ನನ್ನ ಬಾಯಿ ಕಟ್ಟಿಹೋಯಿತು. ಅವು ನನ್ನ ಕೈಬರಹವೇ ಆಗಿದ್ದವು.

ವಾಚಕರು ಕ್ಷಮಿಸಬೇಕು, ನನ್ನ ತಪ್ಪನ್ನು ಇಲ್ಲಿ ಹೇಳಿಕೊಳ್ಳಲೇಬೇಕಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಉಪಾಧ್ಯಾಯನಾಗಿದ್ದಾಗ, ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು. ನನ್ನ ಅಕ್ಷರ ದುಂಡಗಿದೆಯೆಂಬ ಕಾರಣದಿಂದ ಅವುಗಳನ್ನು ಪ್ರತಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪುಸ್ತಕದಲ್ಲಿ ಹೆಸರಿನ ಅಂಕಣ ಅಗಲವಾಗಿತ್ತು, ಹೊಸದರಲ್ಲಿ ಕಿರಿದು. ಊರಿನ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಇಷ್ಟೂ ಒಂದೇ ಸಾಲಿನಲ್ಲಿ ಹಿಡಿಯುತ್ತಿರಲಿಲ್ಲ. ಆದುದರಿಂದ ಮೊದಲಿನದನ್ನು ಒಂದು ಅಕ್ಷರಕ್ಕೆ ಇಳಿಸಿ ಪಕ್ಕದಲ್ಲಿ ಚುಕ್ಕಿಯಿಟ್ಟೆನು. ಒಂದು ಬೇಸಗೆಯ ರಜೆಯಲ್ಲಿ ಹೀಗೆ ಎಷ್ಟು ಊರುಗಳನ್ನು ಚುಕ್ಕಿಯ ಹಿಂದೆ ಹೂಳಿದೆನೋ ನನಗೇ ಲೆಕ್ಕವಿಲ್ಲ. ಪ್ರತಿ ಸಿದ್ಧವಾದ ಮೇಲೆ ಹಳೆಯ ಪುಸ್ತಕಗಳು ತೂಕಕ್ಕೆ ಹೋದವು.

ಹೆಸರಿನ ಒಂದು ಭಾಗವನ್ನು ಹೇಳಿದರೆ ಇಡೀ ಹೆಸರನ್ನು ಗ್ರಹಿಸಬಹುದೆಂದು ಸಂಸ್ಕೃತ ವೈಯಾಕರಣರಲ್ಲಿ ಒಂದು ನ್ಯಾಯವುಂಟು. ಭಾಮೆಯೆಂದರೆ ಸತ್ಯಭಾಮೆಯೆಂದು ತಿಳಿಯುವ ಹಾಗೆ. ಈ ನ್ಯಾಯವನ್ನು ನಾನು ಎಷ್ಟೋ ವರ್ಷ ಹುಡುಗರಿಗೆ ಬೋಧಿಸಿದ್ದೇನೆ. ಆದರೆ ಕೇಳುವವನಿಗೆ ಸತ್ಯಭಾಮೆ ಮೊದಲೇ ಗೊತ್ತಿದ್ದರೆ ಮಾತ್ರ ಅದು ಸಲ್ಲುವುದೆಂಬುದು ಆ ಸಾಯಂಕಾಲದವರೆಗೆ ನನಗೆ ಹೊಳೆದಿರಲಿಲ್ಲ.

ಬಂದವರಿಗೆ ಕಾಫಿ ಕೊಟ್ಟು ಕೂರಿಸಿ, ಇಬ್ಬರೂ ಸೇರಿ ಊಹಿಸತೊಡಗಿದೆವು. ಮೊದಲು ಒಂದು ಸಂದೇಹವನ್ನು ಕಳೆದುಕೊಳ್ಳಬೇಕಾಗಿತ್ತು. ಲಗ್ನಪತ್ರಿಕೆಗಳಲ್ಲಿ ವರನ ಹೆಸರಿನ ಮೊದಲು ಬರುವ "ಚಿ." ಚಿರಂಜೀವಿಯ ಸಂಕ್ಷೇಪ. ಶಾಲೆಯ ಪುಸ್ತಕದಲ್ಲಿ ಹುಡುಗನನ್ನು ಯಾರೂ ಹಾಗೆ ಹರಸಿ ಬರೆಯುವುದಿಲ್ಲ. ಆದುದರಿಂದ ಇದು ಊರೇ ಇರಬೇಕು. ಆದರೆ ಯಾವ ಊರು? ನಮ್ಮ ಸೀಮೆಯ ದುರದೃಷ್ಟವೋ ಅದೃಷ್ಟವೋ, ಚಿ ಎಂಬುದರಿಂದ ಪ್ರಾರಂಭವಾಗುವ ಊರುಗಳಿಗೆ ಇಲ್ಲಿ ಬರಗಾಲವಿಲ್ಲ. ೨೦೦೭ರಲ್ಲಿ ಕೋಲಾರದಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾದ ಚಿಕ್ಕಬಳ್ಳಾಪುರವಿದೆ. ಅದರ ಪೂರ್ವಕ್ಕೆ ಚಿಂತಾಮಣಿಯಿದೆ. ಗೌರಿಬಿದನೂರಿನ ಕಡೆಗೆ ಹೋದರೆ ಚಿಂತಲಪಲ್ಲಿಯಿದೆ. ಈ ಮೂರರಲ್ಲಿ ಯಾವುದಾದರೂ ಸರಿಯೆ.

"ಸಿ. ಎನ್. ಆರ್. ರಾವ್ ಅವರ ಸಿ ಕೂಡ ಚಿಂತಾಮಣಿಯೇ ಅಲ್ಲವೆ?" ಎಂದರು ಬಂದವರು.

ಅಹುದು. ಆ ಮಹನೀಯರ ಪೂರ್ಣನಾಮಧೇಯ ಚಿಂತಾಮಣಿ ನಾಗೇಶ ರಾಮಚಂದ್ರರಾವ್. ಈ ಹೆಸರನ್ನು ಪದವಿಭಾಗ ಮಾಡಿ ನೋಡುವುದು ಒಂದು ಸಂತೋಷ. ಚಿಂತಾಮಣಿ ಎಂಬುದು ಊರು. ನಾಗೇಶ ಎಂಬುದು ತಂದೆ. ರಾಮಚಂದ್ರ ಎಂಬುದು ತಾನು. ರಾವ್ ಎಂಬುದು ಬರಿಯ ಗೌರವ. ಎಲ್ಲಿಂದ, ಯಾರಿಂದ, ಯಾರು ಎಂಬ ಮೂರು ಪ್ರಶ್ನೆಗಳಿಗೂ ಕ್ರಮವಾಗಿ ಉತ್ತರ ಕೊಟ್ಟು, ಕೊನೆಯಲ್ಲಿ ಕೈಮುಗಿದು ನಿಲ್ಲುವ ಹೆಸರು ಇದು. ಅವರು ಹುಟ್ಟಿದುದು ಚಿಂತಾಮಣಿಯಲ್ಲಲ್ಲ, ಬೆಂಗಳೂರಿನಲ್ಲಿ, ೧೯೩೪ನೆಯ ಇಸವಿ ಜೂನ್ ೩೦ರಂದು. ತಂದೆಯವರು ವಿದ್ಯಾ ಇಲಾಖೆಯಲ್ಲಿ ಶಾಲೆಗಳ ತನಿಖಾಧಿಕಾರಿಗಳು. ಅವರ ಹೆಸರನ್ನು ಹನುಮಂತ ನಾಗೇಶರಾವ್ ಎಂದು ಬರೆಯುವರು. ಎಂದರೆ ತಂದೆಯ ಹೆಸರಿನ ಮುಂದೆ ಊರಿಲ್ಲ, ಮಗನ ಹೆಸರಿನ ಮುಂದೆ ಊರಿದೆ! ಇಂತಹ ವಿಚಿತ್ರ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉಂಟು. ಮಗುವನ್ನು ಶಾಲೆಗೆ ಸೇರಿಸುವ ದಿನ ಮನೆಯವರ ಬಾಯಿಗೆ ಬಂದುದೇ ಅದರ ಜೀವಮಾನದ ಹೆಸರಾಗಿ ನಿಲ್ಲುವುದು.

ಮೈಸೂರು ವಿಶ್ವವಿದ್ಯಾನಿಲಯ, ಕಾಶೀ ಹಿಂದೂ ವಿಶ್ವವಿದ್ಯಾನಿಲಯ, ಆ ಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯ — ಹೀಗೆ ಓದಿ, ೧೯೫೮ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ರಾಯರು ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಜಗದ್ವಿಖ್ಯಾತರಾದರು. ೧೯೮೪ರಿಂದ ೧೯೯೪ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದರು. ೨೦೧೪ರಲ್ಲಿ ಭಾರತರತ್ನ ಪದಕ ಅವರಿಗೆ ಸಂದಿತು. ಅವರು ಬರೆದ ಸಂಶೋಧನ ಲೇಖನಗಳ ಸಂಖ್ಯೆ ೧,೫೦೦ಕ್ಕೂ ಮಿಕ್ಕಿದ್ದು. ಅಷ್ಟೂ ಲೇಖನಗಳ ನೆತ್ತಿಯ ಮೇಲೆ ನಮ್ಮ ಚಿಂತಾಮಣಿ ಅಚ್ಚಾಗಿದೆ. ಆದರೆ ಒಂದು ಸಿ ಆಗಿ ಮಾತ್ರ. ಲೋಕದ ಯಾವ ರಸಾಯನ ಪಂಡಿತನೂ ಅದನ್ನು ಊರೆಂದು ಓದಿಕೊಂಡಿರಲಾರನು.

ಚಿಂತಾಮಣಿಯ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಚಿಂತಿಸಿದುದನ್ನು ಕೊಡುವ ದೇವಲೋಕದ ರತ್ನವೆಂಬ ಅರ್ಥವನ್ನು ಸಂಸ್ಕೃತ ಓದಿದ ಯಾವನಾದರೂ ಹೇಳಿಯಾನು. ಆದರೆ ಊರಿಗೆ ಆ ಹೆಸರು ನೇರವಾಗಿ ರತ್ನದಿಂದ ಬಂದುದಲ್ಲ. ಚಿಂತಾಮಣಿರಾವ್ ಎಂಬ ಮರಾಠಾ ಸರದಾರನು ಕಟ್ಟಿದ ಪೇಟೆಯಾದುದರಿಂದ ಅದಕ್ಕೆ ಆ ಹೆಸರೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಹಾಗಿದ್ದ ಪಕ್ಷದಲ್ಲಿ, ರತ್ನದ ಹೆಸರು ಒಬ್ಬ ರಾಯನಿಗೆ ಬಂತು. ರಾಯನ ಹೆಸರು ಊರಿಗೆ ಬಂತು. ಊರಿನ ಹೆಸರು ಪುನಃ ಒಬ್ಬ ರಾಯರಿಗೆ ಬಂತು. ಮನುಷ್ಯನಿಂದ ಊರಿಗೂ ಊರಿನಿಂದ ಮನುಷ್ಯನಿಗೂ ಹೆಸರು ಹೀಗೆ ಹೋಗಿಬಂದು ಮಾಡುವುದನ್ನು ನಾನು ಬೇರೆ ಕಡೆ ಅಷ್ಟಾಗಿ ಕಂಡಿಲ್ಲ.

ಇನ್ನು ರಾವ್ ಎಂಬುದರ ವಿಚಾರ. ಇದನ್ನು ಕುಲನಾಮವೆಂದು ತಿಳಿದು, ರಾವ್ ಎಂಬವರೆಲ್ಲರೂ ದಾಯಾದಿಗಳೆಂದು ಭಾವಿಸುವ ಪರದೇಶದವರುಂಟು. ಈಚೆಗೆ ನಮ್ಮ ಹುಡುಗರಲ್ಲಿಯೂ ಉಂಟು. ಸಂಸ್ಕೃತದ ರಾಜನ್ ಶಬ್ದ ಪ್ರಾಕೃತದಲ್ಲಿ ರಾಯ ಎಂದಾಯಿತು; ಅದೇ ಕನ್ನಡದಲ್ಲಿ ಕೃಷ್ಣದೇವರಾಯನ ರಾಯ; ಮರಾಠಿ ತೆಲುಗುಗಳಲ್ಲಿ ರಾವ್, ರಾವು. ಮೊದಲು ಅರಸನಿಗೆ, ತರುವಾಯ ಸರದಾರನಿಗೆ, ಆ ಮೇಲೆ ಕಚೇರಿಯ ಅಧಿಕಾರಿಗೆ, ಕಡೆಗೆ ಮರ್ಯಾದಸ್ಥನಾದ ಯಾವ ಗೃಹಸ್ಥನಿಗಾದರೂ ಸಲ್ಲುವ ಉಪಪದವಾಯಿತು. ಬ್ರಾಹ್ಮಣರಲ್ಲಿಯೂ ಮರಾಠರಲ್ಲಿಯೂ ತೆಲುಗುನಾಡಿನ ಅನೇಕ ಜಾತಿಗಳಲ್ಲಿಯೂ ಅದು ಇದೆ. ಆದುದರಿಂದ ರಾವ್ ಎಂಬುದರಿಂದ ಮನುಷ್ಯನು ಯಾರವನೆಂದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಮೊದಲಿನ ಊರನ್ನೇ ಕೇಳಬೇಕು.

ಇದಕ್ಕೆ ಒಳ್ಳೆಯ ನಿದರ್ಶನ ರಾಮಚಂದ್ರರಾವ್ ಎಂಬ ಹೆಸರೇ. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಚಿಂತಲಪಲ್ಲಿಯೆಂಬ ಗ್ರಾಮ ಕರ್ಣಾಟಕ ಸಂಗೀತದ ಒಂದು ದೊಡ್ಡ ಮನೆತನದ ತವರು. ಮೈಸೂರು ಅರಮನೆಯಲ್ಲಿ ಆಸ್ಥಾನವಿದ್ವಾಂಸರಾಗಿದ್ದ ಚಿಂತಲಪಲ್ಲಿ ವೆಂಕಟರಾಯರು ಆ ಮನೆತನದವರು. ಅದೇ ಮನೆತನದಲ್ಲಿ ಬಂದು ನಮ್ಮ ತಂದೆಯವರ ಕಾಲದಲ್ಲಿ ಹಾಡುಗಾರರಾಗಿ ಹೆಸರು ಮಾಡಿದವರು ಚಿಂತಲಪಲ್ಲಿ ರಾಮಚಂದ್ರರಾಯರು. ಒಬ್ಬರು ಚಿಂತಾಮಣಿಯ ರಾಮಚಂದ್ರರಾವ್, ರಸಾಯನಶಾಸ್ತ್ರಜ್ಞರು. ಇನ್ನೊಬ್ಬರು ಚಿಂತಲಪಲ್ಲಿಯ ರಾಮಚಂದ್ರರಾವ್, ಗಾಯಕರು. ಇಬ್ಬರ ಹೆಸರಿನ ಊರುಗಳೂ ಇಂದು ಒಂದೇ ಜಿಲ್ಲೆಯವು. ನನ್ನ ದಾಖಲಾತಿ ಪುಸ್ತಕದಲ್ಲಿ ಇಬ್ಬರೂ ಬಾಲಕರಾಗಿ ಸೇರಿದ್ದರೆ ನಾನು ಊರನ್ನು ಒಂದೇ ರೀತಿಯಾಗಿ "ಚಿ." ಎಂದೇ ಬರೆಯುತ್ತಿದ್ದೆನು!

ಆದರೆ ಊರುಗಳು ಒಂದೇ ಬೇರಿನವಲ್ಲ. ಚಿಂತಾಮಣಿಯ ಚಿಂತಾ ಸಂಸ್ಕೃತದ್ದು, ಮನಸ್ಸಿನ ವ್ಯಾಪಾರ. ಚಿಂತಲಪಲ್ಲಿಯ ಚಿಂತ ತೆಲುಗಿನದು, ಹುಣಿಸೆಯ ಮರ. ಚಿಂತಲಪಲ್ಲಿಯೆಂದರೆ ಹುಣಿಸೆಮರಗಳ ಹಳ್ಳಿ. ಅಚ್ಚಗನ್ನಡದಲ್ಲಿ ಹುಣಿಸೇಹಳ್ಳಿ ಎನ್ನಬಹುದು. ಹುಣಿಸೆಗೆ ಸಂಸ್ಕೃತದಲ್ಲಿ ತಿಂತ್ರಿಣಿಯೆಂದೂ ಚಿಂಚಾ ಎಂದೂ ಹೆಸರುಗಳಿವೆ. ಮರಾಠಿಯವರು ಚಿಂಚ ಎನ್ನುವರು. ಒಂದು ದೇವಲೋಕದ ಮಣಿ, ಇನ್ನೊಂದು ಸಾರಿಗೆ ಹಾಕುವ ಹುಳಿ. ಎರಡೂ ಬೇಕಾದುವೇ, ಆದರೆ ಒಂದನ್ನು ಕೇಳಿದವನಿಗೆ ಇನ್ನೊಂದನ್ನು ಕೊಟ್ಟರೆ ಆಗುವುದಿಲ್ಲ.

ರಾಮಚಂದ್ರರಾಯರ ಪಟ್ಟಿ ಇಲ್ಲಿಗೇ ಮುಗಿಯುವುದಿಲ್ಲ. ಭಾರತದ ಮೊದಲ ಉಪಗ್ರಹವಾದ ಆರ್ಯಭಟವನ್ನು ೧೯೭೫ರಲ್ಲಿ ಸಿದ್ಧಪಡಿಸಿದ ತಂಡದ ಮುಂದಾಳು ಯು. ಆರ್. ರಾವ್. ಅವರ ಪೂರ್ತಿ ಹೆಸರು ಉಡುಪಿ ರಾಮಚಂದ್ರರಾವ್. ಅವರು ಹುಟ್ಟಿದುದು ಉಡುಪಿಯ ಬಳಿಯ ಅದಮಾರಿನಲ್ಲಿ. ಹೆಸರು ಮಾತ್ರ ದೊಡ್ಡ ಊರಿನದು. ಅವರೂ ೧೯೮೪ರಿಂದ ೧೯೯೪ರವರೆಗೆ ಭಾರತದ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅದೇ ಹತ್ತು ವರ್ಷ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಚಿಂತಾಮಣಿಯ ರಾಮಚಂದ್ರರಾಯರು, ಬಾಹ್ಯಾಕಾಶ ಸಂಸ್ಥೆಯಲ್ಲಿ ಉಡುಪಿಯ ರಾಮಚಂದ್ರರಾಯರು! ನೆಂಟಸ್ತಿಕೆ ಏನೂ ಇಲ್ಲ. ರಾವ್ ಎಂಬ ಶಬ್ದವನ್ನು ಮಾತ್ರ ಹಿಡಿದುಕೊಂಡು ಹೊರಟವನು ಇಂತಹ ಕಡೆ ದಾರಿ ತಪ್ಪುವುದು ನಿಶ್ಚಯ.

ಸಂಖ್ಯಾಶಾಸ್ತ್ರದ ಸಿ. ಆರ್. ರಾಯರ ವಿಷಯದಲ್ಲಿ ಊರು ಇನ್ನೂ ದೂರ ಸರಿದಿದೆ. ೧೯೨೦ರಲ್ಲಿ ನಮ್ಮ ನಾಡಿನ ಹೂವಿನ ಹಡಗಲಿಯಲ್ಲಿ ಹುಟ್ಟಿದ ಅವರ ಪೂರ್ಣ ಹೆಸರು ಕಲ್ಯಂಪೂಡಿ ರಾಧಾಕೃಷ್ಣರಾವ್. ಕಲ್ಯಂಪೂಡಿ ಎಂಬುದು ತೆಲುಗರ ಕ್ರಮದಂತೆ ಮನೆಯ ಹೆಸರು. ೧೯೪೫ರಲ್ಲಿ ಅವರು ಪ್ರಕಟಿಸಿದ ಒಂದು ಸಿದ್ಧಾಂತಕ್ಕೆ ಪಂಡಿತರು ಸ್ವೀಡನ್ನಿನ ಕ್ರಾಮರ್ ಎಂಬವರ ಹೆಸರಿನೊಡನೆ ಜೋಡಿಸಿ ಕ್ರಾಮರ್–ರಾವ್ ನಿಯಮವೆಂದು ಹೆಸರಿಟ್ಟರು. ಅಲ್ಲಿ ಮನೆಯೂ ಹೋಯಿತು, ರಾಧಾಕೃಷ್ಣನೂ ಹೋದನು, ಉಳಿದುದು ಗೌರವವಾಚಕವೊಂದೇ. ೨೦೨೩ರಲ್ಲಿ, ನೂರೆರಡು ವರ್ಷ ಪೂರ್ತಿ ಬದುಕಿ, ಅವರು ಕಾಲವಾದರು.

ಈ ವಿದ್ವಾಂಸರನ್ನೂ ಆ ಗಾಯಕರನ್ನೂ ಒಟ್ಟಿಗೆ ನೆನೆಯುತ್ತಿದ್ದಾಗ ನನಗೊಂದು ಸಂಗತಿ ಕಂಡಿತು. ವಿಜ್ಞಾನಿಗಳ ಊರೆಲ್ಲ ಅಕ್ಷರಗಳಾಗಿವೆ. ಸಂಗೀತಗಾರರ ಊರೆಲ್ಲ ಊರುಗಳಾಗಿಯೇ ಉಳಿದಿವೆ. ಚಿಂತಲಪಲ್ಲಿ ರಾಮಚಂದ್ರರಾಯರನ್ನು ಯಾರೂ ಸಿ. ಆರ್. ರಾವ್ ಎನ್ನಲಿಲ್ಲ. ಮೈಸೂರು ವಾಸುದೇವಾಚಾರ್ಯರು ಎಂದೂ ಎಂ. ವಾಸುದೇವಾಚಾರ್ಯರಾಗಲಿಲ್ಲ. ರುದ್ರಪಟ್ಟಣದ ಸಹೋದರರು ರುದ್ರಪಟ್ಟಣಂ ಸಹೋದರರೇ. ಆಂಧ್ರದ ರಾಳ್ಳಪಲ್ಲಿಯಿಂದ ಬಂದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸುತ್ತ, ಸಂಗೀತದಲ್ಲಿಯೂ ಮಹಾವಿದ್ವಾಂಸರೆನಿಸಿದ ಅನಂತಕೃಷ್ಣಶರ್ಮರನ್ನು ಜನ ರಾಳ್ಳಪಲ್ಲಿಯವರೆಂದೇ ಕರೆದರು. ಅವರ ಸ್ವಂತ ಹೆಸರೇ ಮರೆಯಾಗುವಷ್ಟು ಊರು ಮುಂದೆ ನಿಂತಿತು. ಇದಕ್ಕೆ ಅಪವಾದಗಳೂ ಇಲ್ಲದಿಲ್ಲ. ಪಿಟೀಲಿನ ಚೌಡಯ್ಯನವರ ತಿರುಮಕೂಡಲು ಸಾಮಾನ್ಯವಾಗಿ ಟಿ. ಆಗಿಯೇ ಹೋಯಿತು.

ಹೀಗಾಗಲು ಕಾರಣವೇನು? ಸಂಗೀತದಲ್ಲಿ ಊರೆಂದರೆ ಬರಿಯ ವಿಳಾಸವಲ್ಲ. ಕಛೇರಿಗೆ ಹೊರಟ ರಸಿಕನು ಕರಪತ್ರದಲ್ಲಿ ಊರನ್ನು ಓದಿದೊಡನೆ ಗುರು ಯಾರು, ಬಾನಿ ಯಾವುದು, ಆಲಾಪನೆ ಹೇಗೆ ನಡೆದೀತು ಎಂದು ಅರ್ಧ ಊಹಿಸಿಕೊಳ್ಳುವನು. ವಿಜ್ಞಾನದಲ್ಲಿ ಹಾಗಲ್ಲ. ಚಿಂತಾಮಣಿಯಲ್ಲಿ ಕಾಯಿಸಿದ ತಾಮ್ರದ ಭಸ್ಮವೂ ಅಮೆರಿಕದಲ್ಲಿ ಕಾಯಿಸಿದ ತಾಮ್ರದ ಭಸ್ಮವೂ ಒಂದೇ ರೀತಿಯಾಗಿ ನಡೆಯಬೇಕು. ನಡೆಯದಿದ್ದರೆ ಅದು ವಿಜ್ಞಾನವಲ್ಲ. ಶಾಸ್ತ್ರಕ್ಕೆ ತವರೂರಿಲ್ಲ, ಆದುದರಿಂದ ಶಾಸ್ತ್ರಜ್ಞನಿಗೂ ಬೇಡವೆಂದು ಪಾಶ್ಚಾತ್ಯ ಪತ್ರಿಕೆಗಳವರು ಬಗೆದರೋ ಏನೋ. ಅವರ ಕ್ರಮದಲ್ಲಿ ಕೊನೆಯ ಹೆಸರೇ ಮನೆತನ, ಮೊದಲಿನವೆಲ್ಲ ಬಿಡಬಹುದಾದುವು. ನಮ್ಮ ಕ್ರಮ ತಲೆಕೆಳಗು. ಅವರ ಅಚ್ಚಿನಲ್ಲಿ ನಮ್ಮ ಹೆಸರನ್ನು ಎರಕ ಹೊಯ್ದಾಗ ಮುಖ್ಯವಾದುದು ಚುಕ್ಕಿಯಾಯಿತು, ಉಪಚಾರದ್ದು ಉಳಿಯಿತು.

ಈ ಮಾತಿಗೆ ಧಾರವಾಡದ ಸೀಮೆ ಸಾಕ್ಷಿ. ಅಲ್ಲಿ ಹಿಂದಿನ ಮುಂಬಯಿ ಪ್ರಾಂತದ ರೂಢಿಯಂತೆ ಊರು ಹೆಸರಿನ ಕೊನೆಗೆ ಬರುವುದು. ಮಲ್ಲಿಕಾರ್ಜುನ ಮನಸೂರ ಎಂದರೆ ಮನಸೂರಿನವರು. ಗಂಗೂಬಾಯಿ ಹಾನಗಲ್ಲ ಎಂದರೆ ಮನೆತನ ಹಾನಗಲ್ಲಿನದು. ಮುಂದಿನದನ್ನು ಎಷ್ಟು ಮೊಟಕು ಮಾಡಿದರೂ ಊರು ಹೋಗುವುದಿಲ್ಲ. ನಾವು ಊರನ್ನು ಆದರದಿಂದ ಮೊದಲಿಗಿಟ್ಟೆವು, ಮೊದಲಿಗಿಟ್ಟುದರಿಂದಲೇ ಕಳೆದುಕೊಂಡೆವು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ನೋಡಿ. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಆ ಪುಣ್ಯಪುರುಷರ ಎಂ ಮುದ್ದೇನಹಳ್ಳಿಯೆಂದೇ ನಮ್ಮ ಕಡೆಯ ಎಷ್ಟೋ ಹುಡುಗರು ತಿಳಿದಿದ್ದಾರೆ. ಪರೀಕ್ಷೆಯ ಪತ್ರಿಕೆಯಲ್ಲಿ ಹಾಗೆಂದು ಬರೆದವರಿಗೆ ನಾನೇ ಕೆಂಪು ಗೆರೆ ಎಳೆದಿದ್ದೇನೆ. ಅದು ಮೋಕ್ಷಗುಂಡಂ. ಅವರ ಪೂರ್ವಿಕರು ಬಿಟ್ಟುಬಂದ ಆಂಧ್ರದೇಶದ ಊರು. ಗುಂಡಂ ಎಂದರೆ ಕುಂಡ, ನೀರಿನ ಮಡು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಪೂರ್ವಿಕರು ನಮ್ಮ ಬೆಟ್ಟದ ತಪ್ಪಲಿಗೆ ಬಂದು ನೆಲಸಿದ ಮೇಲೂ ಹೆಸರಿನ ಮೊದಲಿಗೆ ಆ ಮಡುವನ್ನು ಹೊತ್ತು ತಂದಿದ್ದರು. ಜನರ ಪ್ರೀತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವರನ್ನು ಸರ್ ಎಂ. ವಿ. ಎಂದಿತು. ಊರೂ ಅಕ್ಷರ, ಅವರೂ ಅಕ್ಷರ.

ಗೌರಿಬಿದನೂರು ತಾಲ್ಲೂಕಿನವರೇ ಆದ ಭೌತವಿಜ್ಞಾನದ ಎಚ್. ನರಸಿಂಹಯ್ಯನವರು ೧೯೨೦ರಲ್ಲಿ ಹುಟ್ಟಿದುದು ಹೊಸೂರಿನಲ್ಲಿ. ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿದ್ದು, ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅವರ ಎಚ್ ಆ ಹೊಸೂರೇ. ಹೊಸೂರೆಂಬ ಊರುಗಳು ನಮ್ಮ ನಾಡಿನಲ್ಲಿಯೂ ತಮಿಳುನಾಡಿನಲ್ಲಿಯೂ ಇವೆ. ಅಕ್ಷರವನ್ನು ಬಿಡಿಸಿದರೂ ಅಲ್ಲಿ ಇನ್ನೊಂದು ಪ್ರಶ್ನೆ ಉಳಿಯುವುದು.

ಚಿಂತಾಮಣಿಯ ಬಳಿಯ ಕೈವಾರಕ್ಕೆ ಈ ಭಯವಿಲ್ಲ. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಕೀರ್ತನೆಗಳನ್ನು ರಚಿಸಿದ ಯೋಗಿ ನಾರೇಯಣರನ್ನು ಜನ ಕೈವಾರದ ತಾತಯ್ಯನವರೆಂದೇ ಕರೆಯುವರು. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋದವರಾರೂ ಕೈವಾರವನ್ನು ಒಂದಕ್ಷರ ಮಾಡಿ ಹೇಳುವುದನ್ನು ನಾನು ಕೇಳಿಲ್ಲ. ಬಾಯಿಂದ ಬಾಯಿಗೆ ನಡೆಯುವ ಹೆಸರಿಗೆ ಚುಕ್ಕಿಯ ಬಾಧೆಯಿಲ್ಲ. ಅದು ಬರೆಯುವವರ ಕೈಯಿಂದ ಬರುವ ಕಾಹಿಲೆ.

ನಾನು ಇದನ್ನೆಲ್ಲ ಹೇಳುತ್ತಿದ್ದಾಗ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ನನ್ನ ಪತ್ನಿ, "ನಿಮ್ಮದು ಚುಕ್ಕಿಯಾದರೂ ಉಳಿಯಿತು. ನನ್ನದು ಮದುವೆಯ ದಿನ ಅದೂ ಹೋಯಿತು" ಎಂದಳು. ನಿಜ. ಅವಳ ತವರಿನ ಅಕ್ಷರವನ್ನು ತೆಗೆದು ನನ್ನ ಅಕ್ಷರವನ್ನು ಹಾಕಿಸಿದವನೂ ನಾನೇ. ಬ್ಯಾಂಕಿನ ಕಾಗದಕ್ಕೆ ಬೇಕಾಗಿತ್ತು. ಹೆಂಗಸರಲ್ಲಿ ಪೂರ್ವದ ಹೆಸರನ್ನು ಲೋಕಪ್ರಸಿದ್ಧವಾಗುವಂತೆ ಉಳಿಸಿಕೊಂಡವರನ್ನು ನೆನೆದರೆ ಎಂ. ಎಸ್. ಸುಬ್ಬುಲಕ್ಷ್ಮಿಯವರು ನೆನಪಾಗುವರು. ಎಂ ಎಂದರೆ ಮಧುರೆ; ಎಸ್ ಎಂದರೆ ಷಣ್ಮುಖವಡಿವು, ವೀಣೆ ನುಡಿಸುತ್ತಿದ್ದ ಅವರ ತಾಯಿ. ಊರೂ ತಾಯಿಯೂ ಕಡೆಯವರೆಗೆ ಜೊತೆಗಿದ್ದರು. ಇದನ್ನು ಹೇಳಿ ಸಮಾಧಾನಪಡಿಸಲು ನೋಡಿದೆನು. "ಅವರು ಹಾಡುತ್ತಿದ್ದರು, ನಾನು ಅಡಿಗೆ ಮಾಡುತ್ತಿದ್ದೆ" ಎಂದು ಒಳಗೆ ಹೋದಳು.

ಬಂದವರ ಪ್ರಶ್ನೆಗೆ ಮಾತ್ರ ಉತ್ತರವಾಗಲಿಲ್ಲ. ಅವರಿಗೆ ಚಿಂತಾಮಣಿಯೇ ಆಗಲೆಂಬ ಆಸೆಯಿತ್ತು. ಭಾರತರತ್ನದವರ ಊರೆಂದರೆ ಯಾರಿಗೆ ಬೇಡ? ನನಗೆ ಚಿಂತಲಪಲ್ಲಿಯಾಗಲೆಂಬ ಆಸೆ. ಏಕೆಂದರೆ ಅವರು ಮಾತಿನ ನಡುವೆ ತಾತನವರು ಬೆಳಗಿನ ಹೊತ್ತು ಏನೋ ಗುನುಗುತ್ತಿದ್ದರೆಂದು ಹೇಳಿದ್ದರು. ಇಬ್ಬರ ಆಸೆಗೂ ಆಧಾರವಿರಲಿಲ್ಲ. ಅರ್ಜಿಯಲ್ಲಿ ಊಹೆಯನ್ನು ಬರೆಯಬೇಡಿರೆಂದು ಹೇಳಿದೆನು. ನನ್ನ ಕೈಯ ತಪ್ಪಿಗೆ ಇನ್ನೊಂದು ತಪ್ಪು ಸೇರುವುದು ನನಗೆ ಬೇಡವಾಗಿತ್ತು. ಹೋಗುವಾಗ, ಮನೆಯ ಹಳೆಯ ಕಾಗದಪತ್ರಗಳನ್ನು ಹುಡು­ಕಿ ನೋಡಿರೆಂದೆನು. ಎಲ್ಲವನ್ನೂ ನೋಡಿಯಾಯಿತೆಂದರು. ಆಗ ಒಳಗಿನಿಂದ ನನ್ನ ಪತ್ನಿಯ ಧ್ವನಿ ಬಂತು: "ಪಾತ್ರೆಗಳನ್ನು ನೋಡಿದಿರಾ?"

ಅದು ನನಗೆ ಹೊಳೆಯದ ಮಾತು. ಹಿಂದೆ ಹಿತ್ತಾಳೆಯ ತಪ್ಪಲೆ, ತಾಮ್ರದ ಹಂಡೆ, ಕೊಳಗ ಯಾವುದನ್ನು ಕೊಂಡರೂ ಅಂಗಡಿಯಲ್ಲಿಯೇ ಯಜಮಾನನ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆಯಿಸಿ ತರುವ ಪದ್ಧತಿಯಿತ್ತು. ಮದುವೆ ಮುಂಜಿಗಳಲ್ಲಿ ಪಾತ್ರೆ ನೆರೆಮನೆಗೆ ಎರವಲು ಹೋದರೆ ಗುರುತು ಹಿಡಿದು ಮರಳಿ ಪಡೆಯುವುದಕ್ಕಾಗಿ. ಪಾತ್ರೆಯ ಅಂಚು ಉದ್ದ. ಅಲ್ಲಿ ಅಂಕಣದ ಇಕ್ಕಟ್ಟಿಲ್ಲ.

ಹದಿನೈದು ದಿನಗಳ ತರುವಾಯ ಅವರಿಂದ ಕಾಗದ ಬಂತು. ಅಟ್ಟದ ಮೇಲೆ ಧೂಳು ಹಿಡಿದಿದ್ದ ಒಂದು ತಾಮ್ರದ ಕೊಳದಪ್ಪಲೆಯನ್ನು ಹುಣಿಸೆಹಣ್ಣಿನಿಂದ ಉಜ್ಜಿ ತೊಳೆದಾಗ, ಕಂಠದ ಸುತ್ತ ಮುತ್ತಾತನ ಹೆಸರು ಕಂಡಿತಂತೆ. ಅದರ ಮೊದಲಿಗೆ ಊರು ಪೂರ್ತಿಯಾಗಿತ್ತು. ಚಿಂತಾಮಣಿಯಲ್ಲ, ಚಿಂತಲಪಲ್ಲಿಯಲ್ಲ, ಚಿಕ್ಕಬಳ್ಳಾಪುರವೂ ಅಲ್ಲ. ಚಿಲಕಲನೇರ್ಪು.

ಚಿಂತಾಮಣಿಯ ಸೀಮೆಯಲ್ಲಿಯೇ ಇರುವ ಊರು. ಬಸ್ಸಿನ ಹಲಗೆಯ ಮೇಲೆ ಆ ಹೆಸರನ್ನು ನಾನು ಸಾವಿರ ಸಲ ಓದಿದ್ದೇನೆ. ಊಹಿಸುವಾಗ ನೆನಪಿಗೆ ಬರಲಿಲ್ಲ. ಪ್ರಸಿದ್ಧರ ಊರುಗಳೇ ಕಣ್ಣಿಗೆ ಕಟ್ಟಿದ್ದವು. ಚಿಲುಕ ಎಂದರೆ ತೆಲುಗಿನಲ್ಲಿ ಗಿಳಿ. ನೇರ್ಪು ಎಂದರೆ ಜಾಣ್ಮೆ, ಕಲಿತ ವಿದ್ಯೆ. ಊರಿಗೆ ಆ ಹೆಸರು ಹೇಗೆ ಬಂತೋ, ಗಿಳಿಗೆ ಮಾತು ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನನಗೆ ಅದು ಸ್ವಲ್ಪ ನಾಟಿತು.

ಆಂಗ್ಲ ಲಿಪಿಯಲ್ಲಿ ಆ ಹೆಸರಿಗೆ ಹದಿನಾಲ್ಕು ಅಕ್ಷರಗಳಾದವೆಂದೂ, ಅರ್ಜಿಯ ಚೌಕಗಳಲ್ಲಿ ಹಿಡಿಯಿತೆಂದೂ ಅವರು ಬರೆದಿದ್ದರು. ಮಾರನೆಯ ದಿನ ನಾನು ಶಾಲೆಗೆ ಹೋಗಿ, ಈಗಿನ ಮುಖ್ಯೋಪಾಧ್ಯಾಯಿನಿಯವರ ಅಪ್ಪಣೆ ಪಡೆದು, ಆ ಪುಟದ ಅಂಚಿನಲ್ಲಿ ಊರಿನ ಹೆಸರನ್ನು ಪೂರ್ತಿಯಾಗಿ ಬರೆದು ರುಜುಮಾಡಿ ಬಂದೆನು. ಪುಸ್ತಕವನ್ನು ಮುಚ್ಚುವ ಮೊದಲು ಪುಟಗಳನ್ನು ಸ್ವಲ್ಪ ತಿರುವಿದೆನು. ಒಂದೊಂದು ಪುಟದಲ್ಲಿಯೂ ಮೂವತ್ತು ಹೆಸರುಗಳು; ಸಾಲುಸಾಲಾಗಿ ಚುಕ್ಕಿಗಳು.